ಹೆಡ್‌ಸೆಟ್ ಬಿಡಿ, ಪ್ಯಾನೆಲ್ ಎಣಿಸಿ: ನಿಯರ್-ಐ ಡಿಸ್‌ಪ್ಲೇ ಮಾರುಕಟ್ಟೆಯನ್ನು ನಾನು ಲೆಕ್ಕ ಹಾಕುವ ಬಗೆ

ನಿಯರ್-ಐ ಡಿಸ್‌ಪ್ಲೇ ಅಂದರೆ ಕಣ್ಣಿನ ಮುಂದೆಯೇ ಕೂತು, ಲೆನ್ಸ್ ಅಥವಾ ವೇವ್‌ಗೈಡ್ (ಬೆಳಕನ್ನು ತನ್ನೊಳಗೇ ಸಾಗಿಸಿ ಕಣ್ಣಿಗೆ ತಲುಪಿಸುವ ಗಾಜಿನಂಥ ತೆಳು ಪಟ್ಟಿ) ಮೂಲಕ ಚಿತ್ರ ತೋರಿಸುವ ಪುಟ್ಟ ಪರದೆ. ಇದರ ಮಾರುಕಟ್ಟೆ ಎಷ್ಟು ಬೆಳೆಯುತ್ತದೆ ಎಂದು ನಾಲ್ಕು ವರದಿ ತೆರೆದರೆ ನಾಲ್ಕು ಉತ್ತರ ಸಿಗುತ್ತವೆ. ಮುಂದಿನ ವರ್ಷಗಳ ಊಹೆ ಬೇರೆಬೇರೆ ಇರುವುದರಿಂದ ಹೀಗಾಗುತ್ತದೆ ಅಂದುಕೊಳ್ಳುತ್ತೇವೆ. ನಾನು ಕಂಡಂತೆ ಎಡವಟ್ಟು ಅದಕ್ಕಿಂತ ಮೊದಲೇ ಆಗಿರುತ್ತದೆ, ಮೊದಲ ವರ್ಷದಲ್ಲಿ ಏನನ್ನು ಎಣಿಸಿದರು ಎಂಬಲ್ಲಿ.

ನನ್ನ ಶೀಟಿನಲ್ಲಿ ಒಂದು ಮಾಡೆಲಿಗೆ ಒಂದು ಸಾಲು. ಅಂಕಣಗಳು ಇಷ್ಟು: ಮಾಡೆಲ್, ಮಾರಾಟಕ್ಕೆ ಬಂದ ತಿಂಗಳು, ವರ್ಷದಲ್ಲಿ ಹೊರಬಿದ್ದ ಸಂಖ್ಯೆ, ಒಂದು ಸಾಧನದಲ್ಲಿರುವ ಪ್ಯಾನೆಲ್‌ಗಳು (ಪರದೆಯ ಫಲಕಗಳು), ಪ್ಯಾನೆಲ್ ತಂತ್ರಜ್ಞಾನ, ಅಳತೆ, ಆಪ್ಟಿಕ್ಸ್ ಬಗೆ, ಪ್ಯಾನೆಲ್ ದರ. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ನಾಲ್ಕನೆಯದು. ಕಣ್ಣು ಎರಡು, ಆದ್ದರಿಂದ ಪ್ಯಾನೆಲ್ ಎರಡು ಎಂದು ಕಣ್ಣು ಮುಚ್ಚಿ ತುಂಬಿದರೆ ಇಡೀ ಶೀಟ್ ಕೆಡುತ್ತದೆ.

ಮೆಟಾ ಕಂಪನಿಯ ವಿಆರ್ ಹೆಡ್‌ಸೆಟ್, 2020ರ ಕ್ವೆಸ್ಟ್ 2ರಲ್ಲಿ ಕಣ್ಣಿಗೆ 1832×1920 ಪಿಕ್ಸೆಲ್ ಎಂದು ಬರೆದಿದ್ದರೂ ಒಳಗಿರುವುದು ಒಂದೇ ಎಲ್‌ಸಿಡಿ. ಅದರ ಎಡ-ಬಲ ಭಾಗ ಒಂದೊಂದು ಕಣ್ಣಿಗೆ. 2023ರ ಕ್ವೆಸ್ಟ್ 3ರಲ್ಲಿ ಎರಡು ಬೇರೆ ಎಲ್‌ಸಿಡಿಗಳಿವೆ. ಸಾಧನಗಳ ಮಾರಾಟ ಇದ್ದಲ್ಲೇ ಇದ್ದರೂ, ಗಿರಾಕಿಗಳು ಮೊದಲನೆಯದರಿಂದ ಎರಡನೆಯದಕ್ಕೆ ಹೋದರೆ ಪ್ಯಾನೆಲ್ ಸಂಖ್ಯೆ ದುಪ್ಪಟ್ಟಾಗುತ್ತದೆ. 2025ರ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇಯಲ್ಲಿ ಬಲಗಣ್ಣಿಗೆ ಮಾತ್ರ ಪರದೆ, 600×600 ಪಿಕ್ಸೆಲ್, ಆದ್ದರಿಂದ ಒಂದು. ಅದಕ್ಕೂ ಮೊದಲು ಬಂದ, ಕ್ಯಾಮೆರಾ, ಮೈಕ್ ಮತ್ತು ಸ್ಪೀಕರ್ ಮಾತ್ರ ಇರುವ ರೇ-ಬ್ಯಾನ್ ಮೆಟಾ ಕನ್ನಡಕದಲ್ಲಿ ಪರದೆಯೇ ಇಲ್ಲ, ಆದ್ದರಿಂದ ಸೊನ್ನೆ. ‘ಸ್ಮಾರ್ಟ್ ಗ್ಲಾಸ್’ ಎಂಬ ಒಂದೇ ಬುಟ್ಟಿಗೆ ಇವೆರಡನ್ನೂ ಸುರಿದ ಅಂಕಿ ಕೈಗೆ ಬಂದರೆ ಅದನ್ನು ಶೀಟಿನ ಹತ್ತಿರವೂ ಬಿಡಬೇಡಿ.

ಆಪಲ್ ವಿಷನ್ ಪ್ರೊ ಇನ್ನೊಂದು ಗುಂಡಿ. ಒಳಗೆ ಎರಡು ಮೈಕ್ರೋ ಓಎಲ್‌ಇಡಿ (ಸಿಲಿಕಾನ್ ಚಿಪ್ ಮೇಲೆ ಕಟ್ಟಿದ ಪುಟ್ಟ ಓಎಲ್‌ಇಡಿ ಪರದೆ) ಇವೆ, ಸರಿ. ಹೊರಗಡೆ, ಎದುರಿನವರಿಗೆ ಕಣ್ಣು ತೋರಿಸಲು, ಮೂರನೆಯ ಓಎಲ್‌ಇಡಿ ಇದೆ. ಅದು ಡಿಸ್‌ಪ್ಲೇ ಹೌದು, ನಿಯರ್-ಐ ಅಲ್ಲ. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2 ಹೆಡ್‌ಸೆಟ್‌ನಲ್ಲಿ ಪ್ಯಾನೆಲ್ ಎಂಬುದೇ ಇರಲಿಲ್ಲ. ಲೇಸರ್ ಕಿರಣವನ್ನು ಪುಟ್ಟ ಕನ್ನಡಿ ಅಲ್ಲಾಡಿಸಿ ಚಿತ್ರ ಬರೆಯುತ್ತಿತ್ತು. ಅಂಥದ್ದನ್ನು ‘ಲೈಟ್ ಎಂಜಿನ್’ ಎಂಬ ಬೇರೆ ಸಾಲಿಗೆ ಹಾಕಿ. ದರದ ಅಂಕಣದಲ್ಲೂ ಇದೇ ಎಚ್ಚರ ಬೇಕು: ಎಲ್‌ಕಾಸ್ (ಬೇರೆ ಮೂಲದ ಬೆಳಕನ್ನು ಪ್ರತಿಫಲಿಸಿ ಚಿತ್ರ ಮೂಡಿಸುವ ಚಿಪ್) ದರದಲ್ಲಿ ಕೆಲವೊಮ್ಮೆ ಬೆಳಕಿನ ಮೂಲವೂ ಸೇರಿರುತ್ತದೆ, ಮೈಕ್ರೋ ಓಎಲ್‌ಇಡಿ ದರ ಬರೀ ಪ್ಯಾನೆಲಿನದು. ಎರಡನ್ನೂ ಒಂದೇ ಮಟ್ಟಕ್ಕೆ ತರದೆ ಕೂಡಿಸಬಾರದು.

ಮುಂದಿನ ಹೆಜ್ಜೆ, ಯಾವ ಸಾಲಿನಲ್ಲಿ ಯಾವ ತಂತ್ರಜ್ಞಾನ ಬೆಳೆಯಬಲ್ಲದು ಎಂಬುದು. ಅದನ್ನು ಬೆಳಕಿನ ಲೆಕ್ಕವೇ ಹೇಳುತ್ತದೆ. ಪ್ಯಾನ್‌ಕೇಕ್ ಲೆನ್ಸ್ ಬೆಳಕನ್ನು ಮಡಚಿ ಕಳಿಸುತ್ತದೆ. ದಾರಿಯಲ್ಲಿ, ಪ್ರತಿ ಸಲ ಅರ್ಧ ಬೆಳಕು ಕಳೆಯುವ ಅರೆಕನ್ನಡಿ ಎರಡು ಸಲ ಸಿಗುವುದರಿಂದ ಧ್ರುವೀಕೃತ (ಅಲೆಗಳ ಕಂಪನ ಒಂದೇ ಬಗೆಯಲ್ಲಿರುವ) ಬೆಳಕಿನಲ್ಲೂ ಹೆಚ್ಚೆಂದರೆ ಶೇ. 25 ಉಳಿಯುತ್ತದೆ. ಓಎಲ್‌ಇಡಿ ಬೆಳಕು ಧ್ರುವೀಕೃತವಲ್ಲ, ಮೊದಲೇ ಅರ್ಧ ಹೋಯಿತು, ಉಳಿದದ್ದು ಶೇ. 12.5. ಕೋಟಿಂಗ್ ನಷ್ಟ ಕಳೆದು ಶೇ. 10 ಅನ್ನಿ. ತಲೆ ತಿರುಗಿಸಿದಾಗ ಚಿತ್ರ ಕಲಸದಿರಲು ಪ್ರತಿ ಫ್ರೇಮಿನ ಶೇ. 20 ಹೊತ್ತು ಮಾತ್ರ ಪರದೆ ಬೆಳಗುತ್ತದೆ ಅನ್ನಿ. ಕಣ್ಣಿಗೆ 100 ನಿಟ್ (ನಿಟ್ ಅಂದರೆ ಹೊಳಪಿನ ಅಳತೆ) ಬೇಕಾದರೆ ಪ್ಯಾನೆಲ್ 5,000 ನಿಟ್ ಕೊಡಬೇಕು. ಮೈಕ್ರೋ ಓಎಲ್‌ಇಡಿ ತಯಾರಕರು ಹೊಳಪಿನ ಹಿಂದೆ ಬಿದ್ದಿರುವುದು ಇದಕ್ಕೇ.

ಈಗ ಇದೇ ಲೆಕ್ಕವನ್ನು ವೇವ್‌ಗೈಡ್ ಕನ್ನಡಕಕ್ಕೆ ಹಾಕಿ. ಬಿಸಿಲಿನಲ್ಲಿ ಓದಲು ಮೆಟಾ ರೇ-ಬ್ಯಾನ್ ಡಿಸ್‌ಪ್ಲೇ ಕೊಡುವುದು 5,000 ನಿಟ್‌ವರೆಗೆ. ಶೇ. 1ರಷ್ಟೇ ದಾಟಿಸುವ ವೇವ್‌ಗೈಡ್ ಆದರೆ ಹಿಂದಿನ ಮೂಲ 5 ಲಕ್ಷ ನಿಟ್ ಇರಬೇಕು. ಓಎಲ್‌ಇಡಿಯಿಂದ ಅದು ಆಗದ ಮಾತು. ಅದಕ್ಕೇ ಅಲ್ಲಿ ಎಲ್‌ಕಾಸ್ ಮತ್ತು ಮೈಕ್ರೋ ಎಲ್‌ಇಡಿ (ಪ್ರತಿ ಪಿಕ್ಸೆಲ್ಲೂ ಒಂದು ಪುಟ್ಟ ಎಲ್‌ಇಡಿ) ಇರುತ್ತವೆ. ‘ಎಆರ್ (ಎದುರಿನ ನೋಟದ ಮೇಲೆ ಚಿತ್ರ ಮೂಡಿಸುವ ಸಾಧನ) ಬೆಳೆದರೆ ಮೈಕ್ರೋ ಓಎಲ್‌ಇಡಿಯೂ ಬೆಳೆಯುತ್ತದೆ’ ಎಂದು ಒಂದೇ ಗೆರೆ ಎಳೆದ ವರದಿಯನ್ನು ನಾನು ಅಲ್ಲಿಗೇ ಮುಚ್ಚುತ್ತೇನೆ. ಬರ್ಡ್‌ಬಾತ್ ಆಪ್ಟಿಕ್ಸ್ (ಬಾಗುಕನ್ನಡಿಯಿಂದ ಚಿತ್ರವನ್ನು ಕಣ್ಣಿಗೆ ಮರಳಿಸುವ ಬಗೆ) ಇರುವ, ಸಿನಿಮಾ ನೋಡುವ ಕನ್ನಡಕಗಳ ಮಟ್ಟಿಗೆ ಮಾತ್ರ ಆ ಮಾತು ನಿಜ.

ಇನ್ನು ವೇಫರ್, ಅಂದರೆ ಮೈಕ್ರೋ ಓಎಲ್‌ಇಡಿ ಪ್ಯಾನೆಲ್‌ಗಳನ್ನು ಕತ್ತರಿಸಿ ತೆಗೆಯುವ ದುಂಡನೆಯ ಸಿಲಿಕಾನ್ ಬಿಲ್ಲೆ. ಬೇಡಿಕೆಯ ಕಡೆಯಿಂದ ಬಂದ ಅಂಕಿಯನ್ನು ಕಾರ್ಖಾನೆಯ ಕಡೆಯಿಂದ ಒರೆಗೆ ಹಚ್ಚುವ ಜಾಗ ಇದು. ವಿಷನ್ ಪ್ರೊ ಪಿಕ್ಸೆಲ್ ಅಗಲ 7.5 ಮೈಕ್ರಾನ್, ಎರಡೂ ಪ್ಯಾನೆಲ್ ಸೇರಿ 2.3 ಕೋಟಿ ಪಿಕ್ಸೆಲ್. ಹಾಗಾದರೆ ಬೆಳಗುವ ಭಾಗವೇ ಸುಮಾರು 27.5×24 ಮಿ.ಮೀ. ಲಿಥೋಗ್ರಫಿ ಯಂತ್ರ ಒಂದೇ ಹೊಡೆತಕ್ಕೆ ಅಚ್ಚೊತ್ತುವ ಗರಿಷ್ಠ ಜಾಗ 26×33 ಮಿ.ಮೀ., ಅಂದರೆ ಇದು ಅಂಚಿಗೆ ಬಂದು ನಿಂತಿದೆ. ಸುತ್ತಲಿನ ಸರ್ಕ್ಯೂಟ್ ಸೇರಿಸಿ 30×25.5 ಎಂದು ಹಿಡಿದರೆ ಒಂದು ಡೈ (ವೇಫರಿನಿಂದ ಕತ್ತರಿಸಿದ ಒಂದು ತುಂಡು) 765 ಚದರ ಮಿ.ಮೀ. 300 ಮಿ.ಮೀ. ವೇಫರಿನ ವಿಸ್ತೀರ್ಣವನ್ನು ಇದರಿಂದ ಭಾಗಿಸಿದರೆ 92 ಬರುತ್ತದೆ. ದುಂಡಂಚಿನಲ್ಲಿ ಕತ್ತರಿಸಿ ಹೋಗುವುದನ್ನು ಕಳೆದರೆ 68. ಬರೀ ಭಾಗಾಕಾರ ಮಾಡಿ ಮುಂದೆ ಹೋಗುವವರು ಇಲ್ಲೇ 24 ಡೈ ಪುಕ್ಕಟೆ ಪಡೆದುಕೊಳ್ಳುತ್ತಾರೆ. 200 ಮಿ.ಮೀ. ವೇಫರ್ ಆದರೆ ಸಿಗುವುದು 25 ಅಷ್ಟೇ.

ಆಮೇಲೆ ಇಳುವರಿ. ಚದರ ಸೆಂ.ಮೀ.ಗೆ 0.1 ದೋಷ ಎಂದಿಟ್ಟು, 7.65 ಚದರ ಸೆಂ.ಮೀ. ಡೈಗೆ ಪಾಯ್ಸನ್ ಸೂತ್ರ (ದೋಷಗಳು ಎಲ್ಲೆಂದರಲ್ಲಿ ಚದುರಿ ಬೀಳುತ್ತವೆ ಎಂದುಕೊಂಡು ಮಾಡುವ ಲೆಕ್ಕ) ಹಾಕಿದರೆ ಚೆನ್ನಾಗಿ ಬರುವುದು ಶೇ. 47ಕ್ಕಿಂತ ತುಸು ಕಡಿಮೆ: ವೇಫರಿಗೆ 31 ಪ್ಯಾನೆಲ್. 10 ಲಕ್ಷ ಹೆಡ್‌ಸೆಟ್‌ಗೆ 20 ಲಕ್ಷ ಪ್ಯಾನೆಲ್, ಅಂದರೆ ತಿಂಗಳಿಗೆ ಸುಮಾರು 5,400 ವೇಫರ್. ದೋಷ ಅರ್ಧಕ್ಕಿಳಿದರೆ ವೇಫರಿಗೆ 46 ಸಿಕ್ಕು, ತಿಂಗಳಿಗೆ 3,600 ಸಾಕು. ಎಡಗಣ್ಣು-ಬಲಗಣ್ಣಿನ ಪ್ಯಾನೆಲ್‌ಗಳ ಬಣ್ಣ, ಹೊಳಪು ಒಂದಕ್ಕೊಂದು ಹೊಂದಬೇಕು. ಜೊತೆ ಸಿಗದೆ ಉಳಿಯುವ ಒಂಟಿ ಪ್ಯಾನೆಲ್‌ಗಳ ನಷ್ಟ ಇದರ ಮೇಲೆ ಬೇರೆ. ಬೇಡಿಕೆಯ ಅಂಕಿ ಕೇಳುವಷ್ಟು ವೇಫರ್ ಎಲ್ಲೂ ಸಿದ್ಧವಾಗುತ್ತಿಲ್ಲ ಎಂದಾದರೆ, ನಾನು ಇಳಿಸುವುದು ಬೇಡಿಕೆಯ ಅಂಕಿಯನ್ನೇ.

ಕಾಲದ ಹೊಂದಾಣಿಕೆಯ ಬಗ್ಗೆ ಒಂದೇ ಮಾತು: ಪ್ಯಾನೆಲ್ ಕಾರ್ಖಾನೆಯಿಂದ ಹೊರಟದ್ದು, ಹೆಡ್‌ಸೆಟ್ ಅಂಗಡಿ ಸೇರಿದ್ದು, ಗಿರಾಕಿ ಕೊಂಡದ್ದು ಮೂರೂ ಬೇರೆ ದಿನಾಂಕಗಳು. ಹೊಸ ಮಾಡೆಲ್ ಬರುವ ಮುಂಚಿನ ತ್ರೈಮಾಸಿಕದಲ್ಲಿ ಪ್ಯಾನೆಲ್ ಅಂಕಿ ಉಬ್ಬುತ್ತದೆ, ಗೋದಾಮು ತುಂಬಿದ ಮೇಲೆ ಕುಸಿಯುತ್ತದೆ. ಒಂದು ತ್ರೈಮಾಸಿಕ ಹಿಡಿದು ಬೆಳವಣಿಗೆ ಹೇಳಬೇಡಿ, ಸತತ ನಾಲ್ಕನ್ನು ಕೂಡಿಸಿ.

ಕೊನೆಗೆ ಎಲ್ಲರೂ ಕೇಳುವ ವಾರ್ಷಿಕ ಬೆಳವಣಿಗೆ ದರ. ಮಾರುಕಟ್ಟೆ 2 ಇದ್ದದ್ದು 7 ವರ್ಷದಲ್ಲಿ 20 ಆದರೆ ದರ ಶೇ. 38.9. ಮೊದಲ ವರ್ಷದ ಎಣಿಕೆಯಲ್ಲಿ ಏನೋ ಬಿಟ್ಟುಹೋಗಿ, ನಿಜವಾಗಿ ಅದು 4 ಇದ್ದಿದ್ದರೆ, ಅದೇ 20ಕ್ಕೆ ದರ ಶೇ. 25.8ಕ್ಕೆ ಇಳಿಯುತ್ತದೆ. ಕ್ವೆಸ್ಟ್ 2ಕ್ಕೆ ಒಂದರ ಬದಲು ಎರಡು ಪ್ಯಾನೆಲ್ ಬರೆದರೆ ಆರಂಭದ ಅಂಕಿ ಇಷ್ಟೇ ಸಲೀಸಾಗಿ ಉಬ್ಬುತ್ತದೆ. ಆದ್ದರಿಂದ ಶೀಟ್ ಕಳಿಸುವಾಗ ದರವನ್ನು ಒಂಟಿಯಾಗಿ ಬರೆಯುವುದಿಲ್ಲ: ಪಕ್ಕದಲ್ಲೇ ಆರಂಭದ ವರ್ಷ, ಆ ವರ್ಷದ ಪ್ಯಾನೆಲ್ ಸಂಖ್ಯೆ, ಹಣದ ಮೊತ್ತ, ಎಣಿಕೆಯಿಂದ ಬಿಟ್ಟ ಸಾಧನಗಳ ಪಟ್ಟಿ, ಹಾಗೂ ಸಂಖ್ಯೆ ಮತ್ತು ಮೊತ್ತದ ಬೆಳವಣಿಗೆ ಬೇರೆಬೇರೆ ಅಂಕಣದಲ್ಲಿ. ಎಲ್‌ಸಿಡಿಯಿಂದ ಮೈಕ್ರೋ ಓಎಲ್‌ಇಡಿಗೆ ಹೊರಳುವ ವರ್ಷಗಳಲ್ಲಿ ಈ ಎರಡು ಅಂಕಣಗಳಿಗೆ ತಾಳಮೇಳವೇ ಇರುವುದಿಲ್ಲ.