ಬೆಟಗೇರಿಯ ಗೋಡೆಗೆ ಬರೆದ ನೆರಳು

ನಮ್ಮ ಅತ್ತೆಯ ಮನೆ ಗದಗಿನ ಬೆಟಗೇರಿಯಲ್ಲಿದೆ. ಮಾಮ ತೀರಿಕೊಂಡ ಮೇಲೆ ಮನೆಯ ಕೈಮಗ್ಗ ನಿಂತುಹೋಯಿತು. ಒಂದು ದಿನ ಊಟಕ್ಕೆ ಬಡಿಸುತ್ತಾ ಅತ್ತೆ ಹೇಳಿದರು, "ರಾತ್ರಿ ಮಗ್ಗದ ಸಪ್ಪಳ ಕೇಳತೈತಿ ತಮ್ಮಾ. ಎದ್ದು ನೋಡಿದ್ರ ಏನೂ ಇರಂಗಿಲ್ಲ." ನನ್ನ ಹನ್ನೆರಡು ನಿಮಿಷದ ಕಿರುಚಿತ್ರ ಹುಟ್ಟಿದ್ದು ಆ ಮಾತಿನಿಂದ.

ಮೊದಲು ಬರೆದ ಸ್ಕ್ರಿಪ್ಟ್‌ನಲ್ಲಿ ಮಾತು ಜಾಸ್ತಿ ಇತ್ತು. ಧಾರವಾಡದ ಗೆಳೆಯನ ರೂಮಿನಲ್ಲಿ ಕೂತು ಮಗ್ಗದ ಸಪ್ಪಳವನ್ನೂ ಸೇರಿಸಿ ನೋಡಿದೆ. ಸರಿ ಬರಲಿಲ್ಲ. ಅದು ಅತ್ತೆಯೊಬ್ಬರಿಗೇ ಕೇಳಿಸುವ ಸಪ್ಪಳ, ಅಲ್ವಾ? ನೋಡುವವರಿಗೆಲ್ಲ ಕೇಳಿಸಿಬಿಟ್ಟರೆ ಅವರ ಒಂಟಿತನ ಎಲ್ಲಿ ಉಳಿಯಿತು? ಆಮೇಲೆ ಮೂಕಿ ಚಿತ್ರಗಳನ್ನು ಹುಡುಕಿ ಹುಡುಕಿ ನೋಡತೊಡಗಿದೆ.

ರಾಬರ್ಟ್ ವೀನೆ ಅವರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಬಂದದ್ದು 1920ರಲ್ಲಿ, ಜರ್ಮನಿಯಲ್ಲಿ. ಅದರಲ್ಲಿ ಮನೆಗಳು ಓರೆ, ಕಿಟಕಿಗಳು ಸೊಟ್ಟ. ಎಷ್ಟೋ ಕಡೆ ನೆರಳು ದೀಪದಿಂದ ಬಿದ್ದದ್ದೇ ಅಲ್ಲ, ಬಣ್ಣದಲ್ಲಿ ಬರೆದದ್ದು. ಕಥೆ ಹೇಳುವವನು ಹುಚ್ಚಾಸ್ಪತ್ರೆಯಲ್ಲಿದ್ದಾನೆ ಅಂತ ಕೊನೆಗೆ ಗೊತ್ತಾಗುತ್ತದೆ. ಅಷ್ಟು ಹೊತ್ತು ನಾವು ನೋಡಿದ್ದು ಊರನ್ನಲ್ಲ, ಅವನ ತಲೆಯೊಳಗನ್ನು. ಡೇವಿಡ್ ಲಿಂಚ್ ಅವರ 1977ರ 'ಎರೇಸರ್‌ಹೆಡ್' ಮಾತಿನ ಚಿತ್ರವೇ. ಆದರೂ ಅದರಲ್ಲಿ ಮಾತು ಬಹಳ ಕಡಿಮೆ. ನಾಯಕನ ಹೆದರಿಕೆಯೆಲ್ಲ ಅವನ ಕೋಣೆಯಲ್ಲೇ ಕಾಣುತ್ತದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿದ್ದರಿಂದ ಆ ನಂಟು ನನಗೆ ಚೆನ್ನಾಗಿ ಕಂಡಿತು.

ಹಾಗಾದರೆ ಅತ್ತೆಯ ಮನೆ ಗೋಡೆಗೂ ನೆರಳು ಬರೆಯೋಣ ಅಂದುಕೊಂಡೆ. ರಾತ್ರಿ ಗೆಳೆಯನನ್ನು ಮಗ್ಗದ ಮುಂದೆ ಕೂರಿಸಿ, ದೀಪ ಇಟ್ಟು, ಗೋಡೆ ಮೇಲೆ ಬಿದ್ದ ಅವನ ನೆರಳಿನ ಅಂಚನ್ನು ಇದ್ದಿಲಿನಿಂದ ಗುರುತು ಮಾಡಿದೆ. ಒಳಗೆ ದೀಪದ ಮಸಿ ತುಂಬಿದೆ. ಬರೀ ನೀರಲ್ಲಿ ಕಲಸಿದ ಮಸಿ ಸುಣ್ಣದ ಗೋಡೆ ಮೇಲೆ ಇಳಿದುಹೋಯಿತು. ಗೋಂದು ಹಾಕಿದ ಮೇಲೆ ನಿಂತಿತು. ಬೆಳಗ್ಗೆ ಇನ್ನೊಂದು ತೊಂದರೆ. ಕಿಟಕಿಯ ಬಿಸಿಲಿಗೆ ಮಗ್ಗದ ನಿಜವಾದ ನೆರಳು ಬಂದು ಬರೆದ ನೆರಳಿನ ಮೇಲೇ ಬಿತ್ತು. ಕಿಟಕಿಗೆ ಮಾಮನ ಬಿಳಿ ಧೋತರ ಕಟ್ಟಿದೆವು. ಬೆಳಕು ಹರಡಿ ಮೆತ್ತಗಾಯಿತು. ಮಗ್ಗದ ಮುಂದೆ ಯಾರೂ ಇಲ್ಲ, ಗೋಡೆ ಮೇಲೆ ಮಾತ್ರ ಒಬ್ಬರು ಕೂತಿದ್ದಾರೆ.

ಬಣ್ಣದ ವಿಷಯ ಹೇಳಲೇಬೇಕು. ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣ ತಿಳಿಯುತ್ತಿರಲಿಲ್ಲ. ಕೆಂಪು ಇದ್ದದ್ದು ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ ಬರುತ್ತಿತ್ತು. ರಾಬರ್ಟ್ ಎಗರ್ಸ್ ಅವರು 2019ರ 'ದಿ ಲೈಟ್‌ಹೌಸ್'ನಲ್ಲಿ ಅದೇ ನೋಟಕ್ಕಾಗಿ ವಿಶೇಷ ಫಿಲ್ಟರ್ ಬಳಸಿದರು. ನಮ್ಮ ಹತ್ತಿರ ಅದೆಲ್ಲಿ? ಬಣ್ಣದಲ್ಲೇ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಕಪ್ಪು ಬಿಳುಪು ಮಾಡುವಾಗ ಕೆಂಪನ್ನು ಪೂರ್ತಿ ಇಳಿಸಿದೆ. ಕನಸಿನ ದೃಶ್ಯದಲ್ಲಿ ಚಿತ್ರದ ಅತ್ತೆ ಮತ್ತೆ ಕುಂಕುಮ ಇಟ್ಟುಕೊಂಡು ಇಳಕಲ್ ಸೀರೆ ಉಡುತ್ತಾಳೆ. ಕುಂಕುಮ ಹಣೆಯಲ್ಲಿ ತೂತು ಬಿದ್ದ ಹಾಗೆ ಕಂಡಿತು. ಕೆಂಪು ಸೆರಗು ಕಪ್ಪಾಗಿ, ಅದರ ಬಿಳಿ ತೆನೆಗಳು ಹಲ್ಲಿನ ಸಾಲಿನಂತೆ ಎದ್ದುನಿಂತವು. ಅದನ್ನು ನೋಡಿ ನನಗೇ ಮೈ ಜುಮ್ಮೆಂದಿತು. ಇಷ್ಟು ವರ್ಷ ನೋಡಿದ ಸೀರೆ ಅದು!

ಸಪ್ಪಳ ತೋರಿಸುವುದು ಹೇಗೆ ಅನ್ನೋದು ಮಾತ್ರ ಕೊನೆಯವರೆಗೂ ಕಾಡಿತು. 1924ರ 'ದಿ ಲಾಸ್ಟ್ ಲಾಫ್'ನಲ್ಲಿ ಕುಡಿದವನ ತಲೆ ತಿರುಗುವುದನ್ನು ತೋರಿಸಲು ಕ್ಯಾಮೆರಾಮನ್ ಕಾರ್ಲ್ ಫ್ರಾಯಿಂಡ್ ಕ್ಯಾಮೆರಾವನ್ನೇ ಎದೆಗೆ ಕಟ್ಟಿಕೊಂಡಿದ್ದರು. ನಾನೂ ಫೋನನ್ನು ಎದೆಗೆ ಕಟ್ಟಿಕೊಂಡು ಮನೆಯೊಳಗೆ ತಿರುಗಿದೆ. ಸುಮ್ನೆ ಅಲುಗಾಟ, ಅಷ್ಟೇ. ಡ್ರೆಯರ್ ಅವರ 1928ರ 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' ನೋಡಿದ ಮೇಲೆ ದಾರಿ ಸಿಕ್ಕಿತು. ಅಲ್ಲಿ ಮುಖವೇ ಎಲ್ಲ. ಅತ್ತೆಯ ಪಾತ್ರ ಮಾಡಿದ ಹುಬ್ಬಳ್ಳಿಯ ನಾಟಕದ ಅಕ್ಕನ ಕಣ್ಣುಗಳ ಹತ್ತಿರಕ್ಕೆ ಹೋದೆ. ಕ್ಯಾಮೆರಾ ಪಕ್ಕ ನಿಂತ ಅತ್ತೆ ಲಾಳಿ ಓಡುವ ಲೆಕ್ಕದಲ್ಲಿ ಕೈ ಆಡಿಸಿದರು. ಅಕ್ಕನ ಕಣ್ಣು ಅತ್ತ, ಇತ್ತ, ಮತ್ತೆ ಅತ್ತ. ಸಪ್ಪಳ ಕಣ್ಣಲ್ಲಿ ಬಂತು.

ಅದೇ ಮನೆಯಲ್ಲಿ ಪರದೆ ಕಟ್ಟಿ ಅತ್ತೆಗೆ ತೋರಿಸಿದೆ. ಸುಮ್ಮನೆ ನೋಡಿದರು. ನೆರಳು ಬಂದಾಗ ಮಾತ್ರ ನಿಲ್ಲಿಸು ಅಂದರು. "ಇದು ನಿಮ್ಮ ಮಾಮ ಅಲ್ಲ ತಮ್ಮಾ. ಅವರು ಎಡಗೈಲೆ ಹಗ್ಗ ಎಳೀತಿದ್ರು."

ಮುಂದಿನ ಭಾನುವಾರ ಗೋಡೆಗೆ ಸುಣ್ಣ ಬಳಿದು ಮತ್ತೆ ಶುರು ಮಾಡಿದೆವು. ಈ ಸಲ ಇದ್ದಿಲು ಅತ್ತೆಯೇ ಹಿಡಿದರು. ಮೊಣಕೈ ಎಷ್ಟು ಎತ್ತರಕ್ಕೆ ಏಳಬೇಕು ಅಂತ ಅವರಿಗೆ ಗೊತ್ತಿತ್ತು.