ಆರ್‌ಸಿ ಕಾರಿನ ಶಾಕ್‌ಗೆ ಯಾವ ಆಯಿಲ್ ಹಾಕಬೇಕು?

ಆರ್‌ಸಿ (ರಿಮೋಟಿನಲ್ಲಿ ಓಡಿಸುವ ಪುಟ್ಟ) ಕಾರು ಕೊಳ್ಳುವವರು ಮೋಟಾರು, ಬ್ಯಾಟರಿ, ವೇಗ ಎಲ್ಲ ವಿಚಾರಿಸುತ್ತಾರೆ. ಶಾಕ್ ಅಬ್ಸಾರ್ಬರಿನ ಆಯಿಲ್ ನೆನಪಾಗುವುದು ಕಾರು ಪಲ್ಟಿ ಹೊಡೆಯಲು ಶುರುಮಾಡಿದ ಮೇಲೆ. ಮೈಸೂರಿನಲ್ಲಿ ನಮಗೆ ಸಿಗುವುದು ಬಡಾವಣೆಯ ಖಾಲಿ ಸೈಟು, ಇಲ್ಲವೇ ಗರಸು ತುಂಬಿದ ಕೆಮ್ಮಣ್ಣಿನ ಮೈದಾನ. ಇಂಥ ಜಾಗದಲ್ಲಿ ಕಾರಿನ ಹಿಡಿತವೆಲ್ಲ ಶಾಕ್ ಮೇಲೇ ನಿಂತಿರುತ್ತದೆ.

ಮೊದಲು ನಿಮ್ಮ ಶಾಕ್ ಎಂಥದ್ದು ಅಂತ ನೋಡಿಕೊಳ್ಳಿ. ಅಗ್ಗದ ಕಾರುಗಳಲ್ಲಿ ಎಷ್ಟೋ ಸಲ ಬರೀ ಸ್ಪ್ರಿಂಗ್ ಇರುತ್ತದೆ. ಅದಕ್ಕೆ ಆಯಿಲ್ ಸುರಿದರೆ ಸೋರಿ ಹೋಗುತ್ತದೆ, ಅಷ್ಟೆ. ಬಿಚ್ಚುವ ಮುಚ್ಚಳ, ಒಳಗೆ ತೂತಿರುವ ಪಿಸ್ಟನ್, ಕೆಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಇದ್ದರೆ ಮುಂದೆ ಓದಿ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯುತ್ತಲೇ ಇರದಂತೆ ತಡೆಯುವುದು ಆಯಿಲ್. ಚಕ್ರ ಮೇಲೆ ಕೆಳಗೆ ಆದಾಗ ಆಯಿಲ್ ಪಿಸ್ಟನ್ನಿನ ತೂತುಗಳಲ್ಲಿ ನುಗ್ಗಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲು ಸರಾಗ ಹರಿಯುತ್ತದೆ, ಪಾಕ ನಿಧಾನ ಹರಿಯುತ್ತದೆ ಅಲ್ವಾ, ಇದೂ ಹಾಗೇ. ಮಂದ ಆಯಿಲ್ ಹಾಕಿದರೆ ಶಾಕ್ ನಿಧಾನ.

ಇನ್ನು ಬಾಟಲಿಯ ಮೇಲಿನ ನಂಬರ್. ಗೊಂದಲ ಜಾಸ್ತಿ ಇರುವುದು ಇಲ್ಲೇ. ಆಯಿಲ್ ಎಷ್ಟು ಮಂದ ಅಂತ ಹೇಳಲು ಕೆಲವರು ಡಬ್ಲ್ಯೂಟಿ (wt) ಅಂತ ಹಾಕುತ್ತಾರೆ, ಕೆಲವರು ಸಿಎಸ್‌ಟಿ (cSt). ನಂಬರ್ ದೊಡ್ಡದಾದಷ್ಟೂ ಆಯಿಲ್ ಮಂದ. ಟೀಮ್ ಅಸೋಸಿಯೇಟೆಡ್ ಕಂಪನಿಯ 30 ಡಬ್ಲ್ಯೂಟಿ ಅಂದರೆ 350 ಸಿಎಸ್‌ಟಿ, 40 ಅಂದರೆ 500. ಇನ್ನೊಂದು ಕಂಪನಿಯ 30 ಇಷ್ಟೇ ಮಂದ ಇರಬೇಕು ಅಂತೇನಿಲ್ಲ. ಹಾಗಾಗಿ ಸಿಎಸ್‌ಟಿ ನೋಡಿಯೇ ಕೊಳ್ಳಿ. 5000, 10000 ಅಂತ ಇದ್ದರೆ ಅದು ಡಿಫರೆನ್ಷಿಯಲ್‌ಗೆ (ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಹಾಕುವ ಆಯಿಲ್, ಶಾಕ್‌ಗಲ್ಲ. ಬೈಕಿನ ಫೋರ್ಕ್ ಆಯಿಲ್, ಹೊಲಿಗೆ ಯಂತ್ರದ ಎಣ್ಣೆ ಕೂಡ ಬೇಡ. ಬಿಸಿಲಿಗೆ ಅವು ಬೇಗ ತೆಳ್ಳಗಾಗುತ್ತವೆ, ಕೆಲವು ಬಗೆಯ ಓ-ರಿಂಗ್ ಉಬ್ಬಿಹೋಗುತ್ತದೆ. ಸಿಲಿಕೋನ್ ಆಯಿಲ್ ಅಂತಲೇ ಕೇಳಿ.

ಯಾವ ನಂಬರಿನಿಂದ ಶುರುಮಾಡುವುದು? ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುವುದರಿಂದ. ಪುಸ್ತಕ ಕಳೆದಿದ್ದರೆ, ಮಣ್ಣಿನಲ್ಲಿ ಓಡುವ 1:10 ಅಳತೆಯ (ನಿಜವಾದ ಗಾಡಿಯ ಹತ್ತರಲ್ಲಿ ಒಂದು ಪಾಲು) ಬಗ್ಗಿ ಮಾದರಿಯ ಕಾರಿಗೆ 300ರಿಂದ 450 ಸಿಎಸ್‌ಟಿ ನಡುವೆ, 1:8 ಅಳತೆಯದಕ್ಕೆ 400ರಿಂದ 700ರ ನಡುವೆ ಹಿಡಿಯಿರಿ. ಅದಕ್ಕಿಂತ ಒಂದು ಮೆಟ್ಟಿಲು ತೆಳು, ಒಂದು ಮೆಟ್ಟಿಲು ಮಂದ ಇರುವ ಬಾಟಲಿಗಳನ್ನೂ ತಂದಿಟ್ಟುಕೊಳ್ಳಿ. ಇಡೀ ಸೆಟ್ ಸುಮ್ನೆ ದುಡ್ಡು ದಂಡ.

ತುಂಬುವಾಗ ಅವಸರ ಬೇಡ. ಹಳೆ ಆಯಿಲ್ ಚೆಲ್ಲಿ, ಒಳಗೆ ಒರೆಸಿ. ಪಿಸ್ಟನ್ ಕೆಳಗೆಳೆದು ಆಯಿಲ್ ತುಂಬಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಗುಳ್ಳೆಗಳೆಲ್ಲ ಮೇಲೆ ಬರುವ ತನಕ ನೆಟ್ಟಗೆ ನಿಲ್ಲಿಸಿಡಿ. ಮುಚ್ಚಳ ತಿರುಗಿಸುವಾಗ ಹೆಚ್ಚಾದದ್ದು ಹೊರಗೆ ಬಂದರೆ ಬರಲಿ. ರಾಡ್ ಒತ್ತಿದಾಗ ಪಿಚಪಿಚ ಸದ್ದು ಬಂದರೆ ಒಳಗೆ ಗಾಳಿ ಉಳಿದಿದೆ, ಮತ್ತೆ ಮಾಡಿ. ಎಡ ಬಲ ಶಾಕ್‌ಗಳಿಗೆ ಒಂದೇ ಆಯಿಲ್. ಮುಂದೆ ಹಿಂದೆ ಬೇರೆ ಇರಬಹುದು.

ಈಗ ಬ್ಯಾಟರಿ ಹಾಕಿ, ಕಾರನ್ನು ಗೇಣು ಎತ್ತರದಿಂದ ಸಮನಾಗಿ ನೆಲಕ್ಕೆ ಬಿಡಿ. ಒಮ್ಮೆ ಕೂತು ತನ್ನ ಎತ್ತರಕ್ಕೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಆಯಿಲ್ ತೆಳು. ಕೂತದ್ದು ಏಳಲು ತಡಮಾಡಿದರೆ ಮಂದ.

ಆದರೆ ತೀರ್ಪು ಕೊಡುವುದು ಮೈದಾನವೇ. ಚಿಕ್ಕಪುಟ್ಟ ಕಲ್ಲುಗಳ ಮೇಲೆ ಕಾರು ಟಣಟಣ ಹಾರಿ ಹಿಡಿತ ಬಿಟ್ಟರೆ ತೆಳು ಮಾಡಿ. ತಿರುವಿನಲ್ಲಿ ತೀರಾ ವಾಲಿದರೆ ಮಂದ ಮಾಡಿ. ಜಂಪ್ ಹಾರಿ ಇಳಿದಾಗ ಹೊಟ್ಟೆ ನೆಲಕ್ಕೆ ಬಡಿಯುತ್ತದೆ ಅಂತ ಎಷ್ಟೋ ಜನ ಮಂದ ಆಯಿಲ್ ಸುರಿಯುತ್ತಾರೆ. ಆಗ ನಮ್ಮ ಗರಸು ನೆಲದಲ್ಲಿ ಕಾರಿಗೆ ಹಿಡಿತವೇ ಸಿಗುವುದಿಲ್ಲ. ಆಯಿಲ್ ತೆಳ್ಳಗೇ ಇಟ್ಟು, ತೂತು ಸಣ್ಣದಿರುವ ಪಿಸ್ಟನ್ ಹಾಕಿ ನೋಡಿ. ಜೋರಾದ ಏಟಿಗೆ ಅದು ಗಟ್ಟಿಯಾಗಿ ತಡೆಯುತ್ತದೆ, ಸಣ್ಣ ಉಬ್ಬಿಗೆ ಅಷ್ಟು ಬಿಗಿಯುವುದಿಲ್ಲ.

ಹವೆ ವಿಷಯಕ್ಕೆ ಬಂದರೆ, ಮೈಸೂರು ಮಂಡ್ಯದವರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ ಓಡಿಸುವವರು 50 ಸಿಎಸ್‌ಟಿ ಏರಿಸಿದರೆ ಸಾಕು. ಡಿಸೆಂಬರ್ ಬೆಳಗಿನ ಚಳಿಗೆ ಅಷ್ಟೇ ಇಳಿಸಿ. ಯಾವ ಶಾಕ್‌ನಲ್ಲಿ ಯಾವ ನಂಬರ್ ಇದೆ ಅಂತ ಚೀಟಿ ಬರೆದು ಚಾಸಿಯ ಒಳಗೆ ಅಂಟಿಸಿಡಿ.