ಡೀಸೆಲ್‌ಗೆ ಬಾಟಲಿ ಸುರಿಯುವ ಮೊದಲು ನೀರು ಇಳಿಸಿ

ಘಾಟಿ ಹತ್ತುವಾಗ ಪಿಕಪ್ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಓಡುತ್ತ ಓಡುತ್ತ ಎಂಜಿನ್ ತಡವರಿಸುತ್ತದೆ. ಮಳೆಗಾಲ ಹಿಡಿದ ಮೇಲೆ ಶಿವಮೊಗ್ಗದ ಗ್ಯಾರೇಜುಗಳಿಗೆ ಬರುವ ಲಾರಿಗಳ ದೂರು ಹೆಚ್ಚುಕಡಿಮೆ ಇದೇ. ಗ್ಯಾರೇಜಿಗೆ ಬರುವ ಹೊತ್ತಿಗೆ ಮಾಲೀಕರು ಅಂಗಡಿಯವನ ಮಾತು ಕೇಳಿ ಟ್ಯಾಂಕಿಗೆ ಒಂದೆರಡು ಬಾಟಲಿ ಅಡಿಟಿವ್ (ಡೀಸೆಲ್‌ಗೆ ಬೆರೆಸುವ ರಾಸಾಯನಿಕ) ಸುರಿದಾಗಿರುತ್ತದೆ. ಫಿಲ್ಟರಿನ ತಳ ಬಿಚ್ಚಿದರೆ ಬರುವುದು ನೀರು. ಆದ್ದರಿಂದ ಇಲ್ಲಿ ಬಾಟಲಿಯ ಸರದಿ ಕೊನೆಗೆ.

1. ನಿಮ್ಮದು ಯಾವ ಎಂಜಿನ್, ನೋಡಿಕೊಳ್ಳಿ

ಆರ್‌ಸಿ ತೆಗೆದು ಬಿಎಸ್-3, ಬಿಎಸ್-4, ಬಿಎಸ್-6 (ಭಾರತ್ ಸ್ಟೇಜ್ ಎಂಬ ಹೊಗೆ ಮಿತಿಯ ಹಂತಗಳು) ಯಾವುದೆಂದು ನೋಡಿ. ಬಿಎಸ್-6 ಆದರೆ ಗಾಡಿಯ ಕೈಪಿಡಿಯಲ್ಲಿ ಅಡಿಟಿವ್ ಬಗ್ಗೆ ಏನು ಬರೆದಿದೆ ಎಂದು ಓದಿ. ಬೇಡ ಎಂದಿದ್ದರೆ ಮುಂದೆ ಯೋಚಿಸುವುದೇ ಬೇಡ, ವಾರಂಟಿಯ ವಿಷಯ ಅದು.

‘2020ರ ಏಪ್ರಿಲ್‌ನಿಂದ ಬರುತ್ತಿರುವ ಡೀಸೆಲ್ ಒಣಕಲು, ಪಂಪನ್ನೇ ತಿಂದುಹಾಕುತ್ತದೆ’ ಎನ್ನುವ ಮಾತು ನೀವೂ ಕೇಳಿರುತ್ತೀರಿ. ಇದರಲ್ಲಿ ಅರ್ಧ ನಿಜ. ಬಿಎಸ್-4 ಡೀಸೆಲ್‌ನಲ್ಲಿ ಕೆ.ಜಿ.ಗೆ 50 ಮಿಲಿಗ್ರಾಂವರೆಗೆ ಗಂಧಕ ಇರಬಹುದಿತ್ತು, ಈಗಿನ ಬಿಎಸ್-6 ಡೀಸೆಲ್‌ನಲ್ಲಿ 10 ಮಾತ್ರ. ಗಂಧಕ ತೆಗೆಯುವಾಗ ಡೀಸೆಲ್‌ಗೆ ಸಹಜವಾಗಿದ್ದ ಜಿಡ್ಡಿನ ಗುಣವೂ ಒಂದಿಷ್ಟು ಹೋಗುತ್ತದೆ. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ: ಹೋದದ್ದನ್ನು ತುಂಬಲು ಬೇಕಾದ ಅಡಿಟಿವ್ ಅನ್ನು ತೈಲ ಕಂಪನಿಯೇ ಸೇರಿಸಿ ಕಳಿಸುತ್ತದೆ. ಡೀಸೆಲ್‌ನ ಗುಣಮಟ್ಟಕ್ಕಿರುವ ಭಾರತೀಯ ಮಾನದಂಡ ಐಎಸ್ 1460ರಲ್ಲಿ ಈ ಜಿಡ್ಡಿಗೂ ಒಂದು ಪರೀಕ್ಷೆ ಇದೆ. ಉಜ್ಜುವ ಉಕ್ಕಿನ ಗುಂಡಿನ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ ದಾಟಬಾರದು. ಅಂದರೆ ಒಳ್ಳೆಯ ಬಂಕಿನಲ್ಲಿ ಹಾಕಿಸುವ ಡೀಸೆಲ್‌ಗೆ ಔಷಧಿ ಆಗಲೇ ಬಿದ್ದಿರುತ್ತದೆ.

2. ಹೊಗೆ ನೋಡಿ

ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ಇಂಜೆಕ್ಟರ್ ಅಥವಾ ಮಿತಿ ಮೀರಿದ ಲೋಡು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಡೀಸೆಲ್‌ಗೆ ಏನು ಹಾಕಿದರೂ ದಂಡ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮುಂದಿನ ಹಂತವನ್ನು ಗಮನವಿಟ್ಟು ಓದಿ.

3. ನೀರು ಇಳಿಸುವುದು

ಎಲ್ಲರೂ ಎಡವುವುದು ಇಲ್ಲೇ.

ಆಗುಂಬೆ, ಹುಲಿಕಲ್ ಸುತ್ತ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ನೀರು ಟ್ಯಾಂಕಿಗೆ ಸೇರಲು ದಾರಿ ಹಲವು: ಮುಚ್ಚಳದ ಸವೆದ ರಬ್ಬರ್ ವಾಷರ್, ವಾಟರ್ ಸರ್ವಿಸ್ ಮಾಡುವಾಗ ಮುಚ್ಚಳಕ್ಕೇ ಹಿಡಿದ ಪೈಪು, ತೋಟದ ಶೆಡ್ಡಿನಲ್ಲಿ ನಿಲ್ಲಿಸಿಟ್ಟ ಬ್ಯಾರಲ್. ಅರ್ಧ ಟ್ಯಾಂಕಿನಲ್ಲಿ ರಾತ್ರಿ ನಿಂತ ಗಾಡಿಯೊಳಗಿನ ತೇವದ ಗಾಳಿ ತಂಪಾಗಿ ತಗಡಿಗೆ ಹನಿಗಟ್ಟುವುದೂ ಉಂಟು. ಮಳೆಗಾಲದಲ್ಲಿ ಡೀಸೆಲ್ ಸಂಜೆಯೇ ತುಂಬಿಸಿ, ಬೆಳಿಗ್ಗೆ ಅಲ್ಲ.

ನೀರು ಡೀಸೆಲ್‌ಗಿಂತ ಭಾರ. ನಿಂತ ಗಾಡಿಯಲ್ಲಿ ತಳ ಸೇರುತ್ತದೆ, ಓಡುವ ಗಾಡಿಯಲ್ಲಿ ಕಲಕಿಹೋಗುತ್ತದೆ. ಹಾಗಾಗಿ ಈ ಕೆಲಸ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲೇ ಆಗಬೇಕು. ರಾತ್ರಿಯಿಡೀ ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಬೇಕು. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ನೀರು ಇಳಿಸಿದರೆ ಅರ್ಧ ಒಳಗೇ ಉಳಿಯುತ್ತದೆ, ಮಲೆನಾಡಿನಲ್ಲಿ ಹೆಚ್ಚಿನ ಮನೆಗಳ ಮುಂದೆ ಇರುವುದು ಇಳಿಜಾರೇ.

ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿ ತೊಳೆದು ಪೂರ್ತಿ ಒಣಗಿಸಿಟ್ಟುಕೊಳ್ಳಿ. ಫಿಲ್ಟರಿನ ಕೆಳಗಿರುವ ವಾಟರ್ ಸಪರೇಟರಿನ ಡ್ರೈನ್ ತಿರುಪನ್ನು ಕೈಯಲ್ಲೇ ಸಡಿಲಿಸಿ. ಹೆಚ್ಚಿನವು ಪ್ಲಾಸ್ಟಿಕ್ ತಿರುಪುಗಳು, ಸ್ಪ್ಯಾನರ್ ಹಾಕಿದರೆ ಎಳೆ ಹೋಗುತ್ತದೆ, ಆಮೇಲೆ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ತಿರುಪು ಬಿಚ್ಚಿದರೂ ಏನೂ ಬರದಿದ್ದರೆ ‘ನೀರಿಲ್ಲ’ ಎಂದು ಮುಚ್ಚಿಬಿಡುತ್ತಾರೆ. ಹಾಗಲ್ಲ. ಮೇಲಿಂದ ಗಾಳಿಗೆ ದಾರಿಯಿಲ್ಲದೆ ಅದು ಒಳಗೇ ನಿಂತಿರುತ್ತದೆ. ಮೇಲಿನ ಏರ್ ತೆಗೆಯುವ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ, ಇಳಿಯುತ್ತದೆ.

ಒಂದು ಲೋಟದಷ್ಟು ಹಿಡಿದು ಬಾಟಲಿಯನ್ನು ಅಲ್ಲಾಡಿಸದೆ ಕಾಲು ಗಂಟೆ ಬಿಡಿ. ತಳದಲ್ಲಿ ಗೆರೆ ಎಳೆದಂತೆ ಬೇರೆ ನಿಂತದ್ದು ನೀರು. ಗೆರೆ ಇಲ್ಲ, ಆದರೆ ಡೀಸೆಲ್ ಮಬ್ಬಾಗಿದ್ದರೆ ಸಣ್ಣ ಹನಿಗಳಾಗಿ ಬೆರೆತ ನೀರಿದೆ. ಒಳ್ಳೆಯ ಡೀಸೆಲ್ ಹಿಂದೆ ಈ ಪತ್ರಿಕೆಯನ್ನೇ ಹಿಡಿದರೂ ಅಕ್ಷರ ಓದಲು ಬರಬೇಕು. ನೀರಿನ ಮೇಲೆ ಕಂದು-ಕಪ್ಪು ಲೋಳೆ ಕಂಡರೆ ಅದು ನೀರು-ಡೀಸೆಲ್ ಕೂಡುವ ಪದರದಲ್ಲಿ ಬೆಳೆದ ಬೂಷ್ಟು, ಬ್ಯಾಕ್ಟೀರಿಯಾ. ಅದರ ಮಾತು ಮುಂದೆ ಬರುತ್ತದೆ. ಬರೀ ಡೀಸೆಲ್ ಬರುವವರೆಗೂ ಇಳಿಸಿ. ಇಳಿಸಿದ್ದನ್ನು ಟ್ಯಾಂಕಿಗೆ ವಾಪಸ್ ಹಾಕಬೇಡಿ, ಚರಂಡಿಗೂ ಚೆಲ್ಲಬೇಡಿ. ನಮ್ಮಲ್ಲಿ ಚರಂಡಿ ಹೋಗಿ ಸೇರುವುದು ಹೊಳೆಗೆ.

ಇನ್ನು ಏರ್ ತೆಗೆಯಬೇಕು. ಡ್ರೈನ್ ಮುಚ್ಚಿ, ಪ್ರೈಮರ್ ಪಂಪನ್ನು (ಫಿಲ್ಟರಿಗೆ ಡೀಸೆಲ್ ತುಂಬುವ ಕೈಪಂಪು) ಒತ್ತುತ್ತ ಹೋಗಿ. ಮೇಲಿನ ಸ್ಕ್ರೂ ಸಂದಿಯಿಂದ ಮೊದಲು ಗುಳ್ಳೆ ಬರುತ್ತದೆ, ಗುಳ್ಳೆ ನಿಂತು ಡೀಸೆಲ್ ಒಂದೇ ಸಮ ಬಂದಾಗ ಸ್ಕ್ರೂ ಬಿಗಿಯಿರಿ. ಪಂಪು ಬೆರಳಿಗೆ ಗಟ್ಟಿ ಹತ್ತುವವರೆಗೆ ಮತ್ತೆ ಒತ್ತಿ. ಹಳೇ ಎಂಜಿನ್ ಕೈಯಾಡಿಸಿದ ಡ್ರೈವರ್‌ಗಳು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಏರ್ ತೆಗೆಯುತ್ತಾರೆ. ಕಾಮನ್ ರೈಲ್ ಎಂಜಿನ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಎಂಜಿನ್‌ನಲ್ಲಿ, ಹಾಗೆ ಮಾಡಲೇಬಾರದು. ಅಲ್ಲಿ ಒತ್ತಡ 1600 ಬಾರ್ ಮತ್ತು ಅದಕ್ಕೂ ಹೆಚ್ಚು. ಎಳೆಯಂತೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಹೊರಗೆ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ಆದರೆ ಬೆರಳೇ ಹೋಗಬಹುದು.

4. ಫಿಲ್ಟರ್ ಬದಲಿಸಿ

ಕಂಪನಿಯದೇ ಹಾಕಿ. ಡಬ್ಬ ಒರಿಜಿನಲ್, ಒಳಗಿನ ಕಾಗದ ನಕಲಿ ಆಗಿರುವ ಫಿಲ್ಟರು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಬಿಲ್ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ತುಂಬಿ ಕೂರಿಸುವ ಅಭ್ಯಾಸವನ್ನೂ ಬಿಡಿ. ಸೋಸದ ಡೀಸೆಲ್ ನೇರ ಶುದ್ಧ ಬದಿಗೆ ಇಳಿದು ಇಂಜೆಕ್ಟರಿಗೆ ಹೋಗುತ್ತದೆ. ಖಾಲಿಯೇ ಕೂರಿಸಿ, ಪ್ರೈಮರ್ ಒತ್ತಿ ತುಂಬಿಸಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಅಷ್ಟೇ.

ಇಷ್ಟು ಮಾಡಿದ ಮೇಲೆ ಗಾಡಿ ಸರಿಹೋದರೆ ಲೇಖನ ಇಲ್ಲಿಗೇ ಮಡಿಸಿಡಬಹುದು.

5. ಈಗ ಬಾಟಲಿ

ಎಲ್ಲ ಬಾಟಲಿಯಲ್ಲೂ ಇರುವುದು ಒಂದೇ ಅಲ್ಲ. ಏನಕ್ಕೆ ಹಾಕುತ್ತೀರಿ ಎಂದು ಗೊತ್ತಿದ್ದರೆ ಮಾತ್ರ ಕೊಳ್ಳಿ.

ಇಂಜೆಕ್ಟರ್ ತೊಳೆಯುವ ಡಿಟರ್ಜೆಂಟ್: ನಾನು ಒಪ್ಪುವುದು ಇದೊಂದನ್ನೇ, ಅದೂ ಹೆಚ್ಚು ಓಡಿದ, ಲೋಡಿಂಗ್ ಜಾಗದಲ್ಲಿ ಗಂಟೆಗಟ್ಟಲೆ ಐಡಲ್ ನಿಲ್ಲುವ ಗಾಡಿಗೆ. ನಾಜಲ್ ತುದಿಯ ಮಸಿ, ಅಂಟು ಬಿಡಿಸಲು ಇದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಸವೆದ ಇಂಜೆಕ್ಟರನ್ನು ಯಾವ ಬಾಟಲಿಯೂ ಕಟ್ಟಿಕೊಡುವುದಿಲ್ಲ. ಮೊದಲು ರಿಟರ್ನ್ ಡೀಸೆಲ್ (ಇಂಜೆಕ್ಟರಿನಿಂದ ಉರಿಯದೆ ಟ್ಯಾಂಕಿಗೆ ವಾಪಸ್ ಹೋಗುವುದು) ಅಳೆಸಿ. ಒಂದು ಇಂಜೆಕ್ಟರಿನಿಂದ ಉಳಿದವುಗಳಿಗಿಂತ ಬಹಳ ಹೆಚ್ಚು ವಾಪಸ್ ಬರುತ್ತಿದ್ದರೆ ರಿಪೇರಿಯೇ ದಾರಿ.

ಸೀಟೇನ್ ಹೆಚ್ಚಿಸುವುದು: ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎನ್ನುವುದರ ಅಳತೆ ಸೀಟೇನ್. ನಮ್ಮ ಡೀಸೆಲ್‌ಗೆ ಅದು ಕನಿಷ್ಠ 51 ಇರಲೇಬೇಕು. ಅದಕ್ಕೆ ಮೇಲಿಷ್ಟು ಸೇರಿಸಿ ಲಾರಿಗೆ ಸಿಗುವುದು ಅತ್ಯಲ್ಪ.

ಚಳಿಗೆ ಹೆಪ್ಪುಗಟ್ಟದಂತೆ ಮಾಡುವುದು: ಮಲೆನಾಡಿನಲ್ಲಿ ಇದನ್ನು ಮಾರುವವರ ಧೈರ್ಯ ಮೆಚ್ಚಬೇಕು. 2019ರಲ್ಲಿ ಲಡಾಖ್‌ನಂಥ ಕಡೆಗೆಂದೇ ಇಂಡಿಯನ್ ಆಯಿಲ್ ತಂದ ಚಳಿಗಾಲದ ಡೀಸೆಲ್ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುತ್ತದೆ. ನಮ್ಮ ಡಿಸೆಂಬರಿಗೆ ಕಂಬಳಿ ಸಾಕು.

ನೀರು ತೆಗೆಯುವ ಬಾಟಲಿ: ಇದರಲ್ಲಿ ಎರಡು ಬಗೆ. ಒಂದು ನೀರನ್ನು ಬೇರ್ಪಡಿಸಿ ತಳಕ್ಕೆ ಕೂರಿಸುತ್ತದೆ, ಅದನ್ನು ನೀವು ಇಳಿಸಬಹುದು. ಇನ್ನೊಂದು ಡೀಸೆಲ್ ಜೊತೆ ಕಲಸಿ ಫಿಲ್ಟರ್ ದಾಟಿಸಿ ‘ಉರಿಸಿಬಿಡುತ್ತದೆ’. ಕಾಮನ್ ರೈಲ್ ಗಾಡಿಗೆ ಎರಡನೆಯದು ಬೇಡವೇ ಬೇಡ. ಆ ನೀರು ದಾಟುವುದು ಇಂಜೆಕ್ಟರಿನ ಮೂಲಕವೇ ಅಲ್ಲವೇ? ಯಾವ ಬಗೆ ಎಂದು ಲೇಬಲ್ಲಿನಲ್ಲಿ ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ಇಟ್ಟು ಬನ್ನಿ.

ಲೋಳೆ ಕಂಡವರಿಗೆ ಬಯೋಸೈಡ್ (ಬೂಷ್ಟು, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಬೇಕಾಗಬಹುದು. ಟ್ಯಾಂಕ್ ಇಳಿಸಿ ತೊಳೆದ ನಂತರ ಮಾತ್ರ. ತೊಳೆಯದೆ ಹಾಕಿದರೆ ಸತ್ತ ಲೋಳೆ ಪದರಪದರವಾಗಿ ಎದ್ದು ಘಾಟಿಯ ಮಧ್ಯೆ ಫಿಲ್ಟರ್ ಕಟ್ಟುತ್ತದೆ.

ಬಿಎಸ್-6 ಮಾಲೀಕರು ಇನ್ನೊಂದು ನೋಡಬೇಕು. ಕಬ್ಬಿಣ, ಮ್ಯಾಂಗನೀಸ್ ಸಂಯುಕ್ತ ಇರುವ ಅಡಿಟಿವ್ ಉರಿದ ಮೇಲೆ ಬೂದಿ ಬಿಡುತ್ತದೆ. ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ಮಸಿಯನ್ನು ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲಾರದು. ಟೂ-ಸ್ಟ್ರೋಕ್ ಆಯಿಲ್ ಬೆರೆಸುವ ಹಳೇ ಉಪಾಯವೂ ಇದೇ ಕಾರಣಕ್ಕೆ ಬೇಡ. ಸೀಮೆಎಣ್ಣೆ ಬೆರೆಸುವುದು ಕಾನೂನಿಗೂ ವಿರುದ್ಧ, ಇದ್ದ ಜಿಡ್ಡನ್ನೂ ತೆಳುಮಾಡುತ್ತದೆ. ಟ್ಯಾಂಕಿಗೆ ನುಸಿಗುಳಿಗೆ ಹಾಕುವವರಿಗೆ ಏನು ಹೇಳುವುದೋ ತಿಳಿಯದು.

ಹಾಕುವ ಕ್ರಮ ಸುಲಭ: ಅಳತೆಯಷ್ಟನ್ನು ಮೊದಲು ಸುರಿದು ಆಮೇಲೆ ಡೀಸೆಲ್ ತುಂಬಿಸಿ, ತಾನಾಗಿ ಬೆರೆಯುತ್ತದೆ. ಎರಡು ಪಟ್ಟು ಹಾಕಿದರೆ ಗುಣ ಎರಡು ಪಟ್ಟಾಗದು.

6. ಲೆಕ್ಕ

ಬಾಟಲಿ ಬೆಲೆಯನ್ನು ಅದು ಎಷ್ಟು ಲೀಟರ್ ಡೀಸೆಲ್‌ಗೆ ಸಾಕೋ ಅಷ್ಟರಿಂದ ಭಾಗಿಸಿ. ಲೀಟರಿಗೆ 2 ರೂಪಾಯಿ ಬಿತ್ತು, ಡೀಸೆಲ್ 90 ರೂಪಾಯಿ ಅಂತಿಟ್ಟುಕೊಳ್ಳಿ. ಹಾಕಿದ ದುಡ್ಡು ವಾಪಸ್ ಬರಲು ಮೈಲೇಜ್ ಶೇ 2.2ರಷ್ಟಾದರೂ ಏರಬೇಕು. ಲೀಟರಿಗೆ 4 ಕಿ.ಮೀ. ಕೊಡುವ ಲಾರಿಗೆ ಅದು ಸುಮಾರು 90 ಮೀಟರ್. ಟೈರಿನ ಗಾಳಿ, ಲೋಡು, ಡ್ರೈವರ್ ಕಾಲು ಇವೇ ಅದಕ್ಕಿಂತ ಹೆಚ್ಚು ಏರುಪೇರು ಮಾಡುತ್ತವೆ. ಹುಲಿಕಲ್ ಘಾಟಿ ಹತ್ತಿಸಿದ ಟ್ರಿಪ್ಪನ್ನು ಹೊನ್ನಾಳಿ ಕಡೆಯ ಬಯಲಿನ ಟ್ರಿಪ್ಪಿಗೆ ಹೋಲಿಸಿ ‘ಮೈಲೇಜ್ ಬಂತು’ ಎಂದರೆ ಲೆಕ್ಕವಾಗದು. ಒಂದೇ ದಾರಿ, ಒಂದೇ ಲೋಡು, ಒಬ್ಬನೇ ಡ್ರೈವರ್, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಬಾಟಲಿ ಹಾಕದೆ ಕೆಲವು ಸಲ, ಹಾಕಿ ಕೆಲವು ಸಲ ಬರೆದಿಡಿ.

ಡಿಇಎಫ್ ಅಡಿಟಿವ್ ಅಲ್ಲ

ಬಿಎಸ್-6 ಲಾರಿಯ ನೀಲಿ ಮುಚ್ಚಳದ ಸಣ್ಣ ಟ್ಯಾಂಕಿಗೆ ಹಾಕುವ ಡಿಇಎಫ್ (ಹೊಗೆಯನ್ನು ಶುದ್ಧ ಮಾಡಲು ಬಳಸುವ ದ್ರವ) ಎಂದರೆ ಶೇ 32.5 ಯೂರಿಯಾ, ಉಳಿದದ್ದು ನೀರು. ರಾತ್ರಿ ಮಳೆಯಲ್ಲಿ ಅವಸರಕ್ಕೆ ಕ್ಲೀನರ್ ಹುಡುಗರು ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿಯುವುದುಂಟು. ಹಾಗಾದರೆ ಸ್ಟಾರ್ಟ್ ಇರಲಿ, ಕೀಲಿಯನ್ನೂ ತಿರುಗಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಕೀಲಿ ಆನ್ ಆದ ಕೂಡಲೇ ಪಂಪು ಎಳೆಯತೊಡಗುತ್ತದೆ. ಬ್ಯಾಟರಿ ಕಳಚಿ, ಇದ್ದಲ್ಲಿಗೇ ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಪೂರ್ತಿ ಇಳಿಸಿ ತೊಳೆಸಿ. ಡ್ರೈವರ್‌ಗೆ ಬೈಯುವ ಕೆಲಸ ಆಮೇಲೆ ಮಾಡಬಹುದು.